ಎರಡು ಎಡತೋಳು

ಮಂಗಳವಾರ, ನವೆಂಬರ್ ೧೪

ನಮ್ಮ ಯಜಮಾನರು ಇವತ್ತು ಮದುಮಗನ ಕೋಟಿಗೆ ಎರಡೂ ಎಡತೋಳೇ ಕತ್ತರಿಸಿಟ್ಟರು. ಮೂವತ್ತು ವರ್ಷದಿಂದ ಟೇಲರ್ ಕೆಲಸ. ಅಳತೆ ತೆಗೆದರೆ ಬರೆದುಕೊಳ್ಳದೆಯೇ ವಾರವಿಡೀ ತಲೆಯಲ್ಲಿಟ್ಟುಕೊಳ್ಳುತ್ತಿದ್ದರು. ಈಗ ಟೇಪು ಕೈಯಲ್ಲಿರುವಾಗಲೇ ಎದೆಯಳತೆ ಮರೆತುಹೋಗುತ್ತದೆ.

ಗಿರಾಕಿಗೆ ಫೋನ್ ಮಾಡಿ ತಪ್ಪು ನನ್ನದೆಂದೆ. ಆತ ಬಾಯಿಗೆ ಬಂದಂತೆ ಬೈದ. ಇವರು ಪಕ್ಕದಲ್ಲೇ ನಿಂತಿದ್ದರು.

"ನೀನ್ಯಾಕೆ ಬೈಸ್ಕೊಂಡೆ? ಕತ್ತರಿಸಿದ್ದು ನಾನು ತಾನೆ?"

"ಹೋಗ್ಲಿ ಬಿಡಿ."

"ಡಾಕ್ಟರು ಏನಂದ್ರು? ವಾಸಿ ಆಗತ್ತಂತಾ?"

ಇವರ ಮರೆವನ್ನು ನಿನ್ನೆ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದೆವು; ಬೆಳಗ್ಗೆಯಿಂದ ಹೀಗೆ ಕೇಳುತ್ತಿರುವುದು ಇದು ಮೂರನೇ ಸಲ. ಮೊದಲ ಸಲ ಕೇಳಿದಾಗ ಇದ್ದದ್ದನ್ನೇ ಹೇಳಿದೆ, ವಾಸಿಯಾಗುವ ಕಾಯಿಲೆಯಲ್ಲ ಎಂದು. ಕುರ್ಚಿ ಹಿಡಿದುಕೊಂಡು ಕುಸಿದರು. ಎರಡನೇ ಸಲ ಹೇಳಿದಾಗಲೂ ಆಗಷ್ಟೇ ಕೇಳಿದವರಂತೆ ಹಾಗೆಯೇ ಕುಸಿದರು. ಮತ್ತೊಮ್ಮೆ ಆ ಮುಖ ನೋಡುವ ಧೈರ್ಯ ನನಗಿರಲಿಲ್ಲ.

"ಆಗತ್ತಂತೆ" ಎಂದೆ.

ಅವರ ಮುಖ ಅರಳಿತು. ಕತ್ತರಿ ಎತ್ತಿಕೊಂಡು, ಮುಂದಿನ ಬಟ್ಟೆ ಕೊಡು ಎಂದು ಕೈಚಾಚಿದರು. ಗಿರಾಕಿಗಳ ಬಟ್ಟೆಯನ್ನೆಲ್ಲ ಬೀರುವಿಗೆ ಹಾಕಿ ಬೀಗ ಜಡಿದಿದ್ದೆ. ಕಿಟಕಿಯ ಹಳೆಯ ಪರದೆಯನ್ನು ಮಡಿಸಿ ಕೊಟ್ಟೆ. ಅದನ್ನು ಮೇಜಿನ ಮೇಲೆ ಹರಡಿ, ಸುಕ್ಕು ತೀಡಿ, ಸೀಮೆಸುಣ್ಣ ಹಿಡಿದು ನನ್ನತ್ತ ನೋಡಿದರು.

"ಇದು ಯಾರ ಕೋಟು?"

ಯಾರದೆಂದು ಹೇಳಲಿ? ಬಾಯಿಗೆ ಬಂದ ಯಾವುದೋ ಹೆಸರು ಹೇಳಿದೆ. ನಾಳೆ ಮತ್ತೆ ಕೇಳುತ್ತಾರೆ, ಆಗ ನಾನು ಇದೇ ಹೆಸರನ್ನು ನೆನಪಿಟ್ಟುಕೊಂಡು ಹೇಳಬೇಕು.