ಎಂಟು ಪ್ರಶ್ನೆಗಳ ಸರಿಯುತ್ತರ

ಸಿ ಬ್ಲಾಕ್, ನಾಲ್ಕನೇ ಮಹಡಿ, 407
ಮಂಗಳವಾರ, ಮಾರ್ಚ್ 11

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ನಿನ್ನ ಹೆಂಡತಿಗೆ ಕಣ್ಣಿನ ಆಪರೇಷನ್ ಆಯಿತೆಂದು ಮೂರನೆಯವರಿಂದ ಗೊತ್ತಾಯಿತು. ನೀನೇ ಒಂದು ಮಾತು ತಿಳಿಸಿದ್ದರೆ ನಾನೇನೂ ಬಂದು ನಿಮ್ಮ ಮನೆಯಲ್ಲಿ ಠಿಕಾಣಿ ಹೂಡುತ್ತಿರಲಿಲ್ಲ. ಇರಲಿ ಬಿಡು. ಮೊಮ್ಮಗುವಿಗೆ ಹಲ್ಲು ಬಂತೇ? ನಾನು ಆರೋಗ್ಯವಾಗಿದ್ದೇನೆ ಎಂಬ ಸಾಲನ್ನು ಈ ಸಲ ಬೇಕೆಂದೇ ಬಿಟ್ಟಿದ್ದೇನೆ. ಯಾಕೆಂದು ಮುಂದೆ ಓದಿದರೆ ತಿಳಿಯುತ್ತದೆ. ಎಂದಿನಂತೆ ಅರ್ಧ ಓದಿ ಜೇಬಿಗೆ ಸೇರಿಸಬೇಡ.

ನೀನು ಈ ಮನೆ ನೋಡಿದ್ದು ಒಂದೇ ಸಲ, ಬೀಗದ ಕೈ ಕೊಟ್ಟ ದಿನ. ಒಂದು ಕೋಣೆ, ಇಬ್ಬರು ನಿಂತರೆ ಮೊಣಕೈ ತಾಗುವ ಅಡುಗೆಮನೆ, ಕಿಟಕಿ ತೆರೆದರೆ ಎದುರು ಬ್ಲಾಕಿನ ಬಚ್ಚಲ ಪೈಪುಗಳು. ಇಲ್ಲಿರುವವರೆಲ್ಲ ಅರವತ್ತು ದಾಟಿದವರು, ಸರ್ಕಾರ ಮನೆ ಕೊಟ್ಟಿತೆಂದು ತಲೆಯ ಮೇಲೊಂದು ಸೂರು ಕಂಡವರು. ಮೂವತ್ತೊಂದು ವರ್ಷ ಪಾಠ ಹೇಳಿದ್ದರಿಂದ ನನ್ನನ್ನು ಎಲ್ಲರೂ ಟೀಚರಮ್ಮ ಎನ್ನುತ್ತಾರೆ. ಮೂರು ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರದ ಹುಡುಗಿ ಒಂದು ಫಾರಂ ಹಿಡಿದು ಬರುತ್ತಾಳೆ. ಎಂಟು ಪ್ರಶ್ನೆ. ನಿದ್ದೆ ಬರುತ್ತಾ, ಊಟ ಸೇರುತ್ತಾ, ಕೆಲಸದಲ್ಲಿ ಮನಸ್ಸಿದೆಯಾ, ಹೀಗೆ ಶುರುವಾಗಿ, ಬದುಕೋದೇ ಬೇಡ ಅನಿಸುತ್ತಾ ಎಂಬಲ್ಲಿಗೆ ಮುಗಿಯುತ್ತದೆ. ಮೊದಲ ಸಲ ಎರಡನೇ ಮಹಡಿಯ ಬಸ್ ಡ್ರೈವರು ಎಂಟಕ್ಕೆ ಎಂಟೂ ನಿಜ ಹೇಳಿದರು. ಎರಡು ತಿಂಗಳಲ್ಲಿ ಅವರ ಬಾಗಿಲಿಗೆ ಬೀಗ ಬಿತ್ತು, ಆಮೇಲೆ ಆ ಮನೆಗೆ ಹೊಸಬರು ಬಂದರು. ಮನಸ್ಸು ಸರಿ ಇಲ್ಲ ಅಂದ್ರೆ ಮನೆ ಖಾಲಿ ಮಾಡಿಸ್ತಾರೆ ಎಂಬ ಗುಸುಗುಸು ಮಹಡಿಯಿಂದ ಮಹಡಿಗೆ ಹತ್ತಿತು. ಆಫೀಸಿಗೆ ಹೋಗಿ ಕೇಳೋಣವೆಂದರೆ ನಮ್ಮ ಹೆಸರೇ ಪಟ್ಟಿಗೆ ಸೇರೀತೆಂಬ ಅಳುಕು. ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಕೇಳುವ ಬದಲು ನಿನ್ನ ಅಕ್ಕ ತನ್ನ ಹಳೇ ಚಾಳಿಗೆ ಬಿದ್ದಳು. ಮಧ್ಯಾಹ್ನದ ಹೊತ್ತು ನನ್ನ ಕೋಣೆಯಲ್ಲೇ ಕ್ಲಾಸು. ಹನ್ನೊಂದು ಜನ ವಿದ್ಯಾರ್ಥಿಗಳು, ಎಲ್ಲರಿಗಿಂತ ಚಿಕ್ಕವಳಿಗೆ ಅರವತ್ತಾರು. ಚೆನ್ನಾಗಿದೀನಿ ಅಂತ ತಟ್ಟನೆ ಹೇಳಬೇಡಿ, ಅನುಮಾನ ಬರುತ್ತೆ. ಮೊದಲು ಸೊಂಟನೋವು ಅಂತ ಸ್ವಲ್ಪ ಗೊಣಗಿ, ಆಮೇಲೆ ನಗಿ. ನಿನ್ನೆ ಏನು ಊಟ ಮಾಡಿದ್ರಿ ಅಂತ ಮೊದಲೇ ಯೋಚಿಸಿಟ್ಟುಕೊಳ್ಳಿ. ಕೊನೇ ಪ್ರಶ್ನೆಗೆ ಮಾತ್ರ ನೆಲ ನೋಡಬೇಡಿ. ಹೀಗೆಲ್ಲ ಬಾಯಿಪಾಠ ಮಾಡಿಸಿದೆ. ಎಲ್ಲರೂ ಪಾಸಾದರು. ನಿನ್ನ ಏಳನೇ ಕ್ಲಾಸಿನ ರಿಸಲ್ಟ್ ಬಂದ ದಿನ ಹಿಗ್ಗಿದಷ್ಟೇ ಹಿಗ್ಗಿದೆ ಕಣೋ, ಸುಳ್ಳು ಯಾಕೆ ಹೇಳಲಿ.

ಅವರಲ್ಲಿ ದಡ್ಡ ಶಿಷ್ಯರೆಂದರೆ ಪಕ್ಕದ 408ರ ಟೈಲರು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಎಷ್ಟು ಹೇಳಿಕೊಟ್ಟರೂ ನಗೋಕೆ ಬರಲ್ಲ ಟೀಚರಮ್ಮ ಎಂದು ಕೈಚೆಲ್ಲಿದರು. ಹಾಗಾದ್ರೆ ನಗಬೇಡಿ, ಮೆಷಿನ್ ತುಳೀತಾ ಇರಿ, ಕೆಲಸ ಮಾಡೋರನ್ನ ಯಾರೂ ಕೆದಕಲ್ಲ ಎಂದೆ. ಆ ಒಂದು ಪಾಠವನ್ನು ಅವರು ಚಾಚೂ ತಪ್ಪದೆ ಪಾಲಿಸಿದರು. ಬೆಳಗಾದರೆ ಗೋಡೆಯಾಚೆ ಗರಗರ ಶುರು, ಸಂಜೆಯವರೆಗೂ ನಿಲ್ಲುತ್ತಿರಲಿಲ್ಲ. ಡಿಸೆಂಬರಿನಲ್ಲಿ ಹುಡುಗಿ ಬಂದಾಗಲೂ ತಲೆ ಎತ್ತದೆ, ತುಳಿಯುತ್ತಲೇ ಉತ್ತರ ಹೇಳಿದರಂತೆ. ಟೈಲರ್ ಸ್ವಲ್ಪ ಇಳಿದುಹೋಗಿದಾರಲ್ವಾ ಎಂದು ಅವಳು ನನ್ನ ಹತ್ತಿರ ಬಂದು ಕೇಳಿದಳು. ನಾನು ಗೋಡೆ ತೋರಿಸಿ, ಕೇಳಿಸ್ತಾ, ದಿನವಿಡೀ ಹೊಲೀತಾರೆ, ಅವರಿಗೇನಾಗಿದೆ ಎಂದೆ. ನನ್ನ ಮಾತು ನಂಬಿ ಅವಳು ಫಾರಂ ಮಡಚಿದಳು. ನಾನು ಒಂದು ಅಂಗಿಗೆಂದು ನೀಲಿ ಬಟ್ಟೆ ಕೊಟ್ಟಿದ್ದು ನವೆಂಬರಿನಲ್ಲಿ. ಕೇಳಿದಾಗಲೆಲ್ಲ ಇನ್ನೆರಡು ದಿನ ಎನ್ನುತ್ತಿದ್ದರು. ಯಾವ ಟೈಲರು ಹಾಗೆನ್ನುವುದಿಲ್ಲ ಹೇಳು, ನಾನೂ ಸುಮ್ಮನಾದೆ.

ಹೋದ ವಾರ ಸೋಮವಾರ ಹನ್ನೊಂದು ಗಂಟೆಗೆ ಮೆಷಿನ್ನು ನಿಂತಿತು, ಏನೋ ಬಿದ್ದ ಸದ್ದಾಯಿತು. ಚಿಲಕ ಮುರಿದು ಒಳಗೆ ಹೋದೆವು. ಸ್ಟೂಲಿನ ಪಕ್ಕ ಬಿದ್ದಿದ್ದರು, ಎಲುಬಿನ ಹಂದರ. ಒಲೆಯ ಮೇಲೆ ಧೂಳು ಕೂತಿತ್ತು. ಸೂಜಿಗೆ ದಾರವೇ ಇರಲಿಲ್ಲ ತಮ್ಮಾ, ಕೆಳಗೆ ಬಾಬಿನ್ನೂ ಇಲ್ಲ. ನನ್ನ ನೀಲಿ ಬಟ್ಟೆ ಕೊಟ್ಟ ಮಡಿಕೆಯಲ್ಲೇ ಇತ್ತು, ಅದರ ಕೆಳಗೆ ಇನ್ನೂ ಆರು ಜನರ ಬಟ್ಟೆ. ಇಷ್ಟು ತಿಂಗಳು ಆ ಮನುಷ್ಯ ಖಾಲಿ ಮೆಷಿನ್ ತುಳಿದಿದ್ದು ನನ್ನ ಕಿವಿಗೆ ಬೀಳಲಿ ಎಂದು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು, ಮೂರನೆಯ ದಿನ ಹೋಗಿಬಿಟ್ಟರು. ಹೊಟ್ಟೆಗೆ ಸರಿಯಾಗಿ ಬಿದ್ದು ತಿಂಗಳುಗಳೇ ಆಗಿವೆ ಎಂದರು ಡಾಕ್ಟರು.

ಆ ಹುಡುಗಿ ನಮ್ಮ ಮೆಟ್ಟಿಲ ಮೇಲೆ ಕೂತು ಅತ್ತಳು. ನಾನು ನನ್ನ ಕ್ಲಾಸಿನ ವಿಷಯವನ್ನೆಲ್ಲ ಒಪ್ಪಿಕೊಂಡೆ. ಅವಳು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಆ ಫಾರಂಗೂ ಮನೆಗೂ ಸಂಬಂಧಾನೇ ಇಲ್ಲ ಟೀಚರಮ್ಮ, ಅದು ಹೋಗೋದು ಡಾಕ್ಟರ ಹತ್ರ ಎಂದಳು. ಬಸ್ ಡ್ರೈವರನ್ನು ಯಾರೂ ಖಾಲಿ ಮಾಡಿಸಿರಲಿಲ್ಲವಂತೆ. ಮಾತ್ರೆ ತೆಗೆದುಕೊಂಡು, ಡಾಕ್ಟರ ಹತ್ತಿರ ಮಾತಾಡಿಕೊಂಡು, ಸುಧಾರಿಸಿ, ತಾನಾಗಿಯೇ ಮಗಳ ಮನೆಗೆ ಹೋದರಂತೆ. ಒಂದು ಮಾತು ಕೇಳಿದ್ದರೆ ಸಾಕಿತ್ತು. ನನ್ನ ಮೇಲೆ ನನಗೇ ಅಸಹ್ಯವಾಗಿದೆ. ಉಳಿದ ಹತ್ತು ಜನ ಏನು ಮಾಡಿದರು ಗೊತ್ತೇ? ಟೈಲರನ್ನು ಕಳಿಸಿಕೊಟ್ಟ ಮಾರನೆಯ ದಿನವೇ ನನ್ನ ಬಾಗಿಲಿಗೆ ಬಂದು, ಮುಂದಿನ ಗುರುವಾರ ಹುಡುಗಿ ಬರ್ತಾಳಂತೆ, ಒಂದ್ಸಲ ಎಲ್ಲ ತಿರುವಿಹಾಕಿಸ್ತೀರಾ ಎಂದು ಕೇಳಿದರು. ಹುಡುಗಿ ಹೇಳಿದ್ದನ್ನು ತಿಳಿಸಿದೆ. ಅರ್ಧ ಜನ ನಂಬದೆ ಎದ್ದು ಹೋದರು. ಅಷ್ಟು ಚೆನ್ನಾಗಿ ಕಲಿಸಿದ್ದೇನೆ.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ. ನಿನ್ನ ಹೆಂಡತಿಯ ಕಣ್ಣು ಬೇಗ ತಿಳಿಯಾಗಲಿ, ಮಗುವಿಗೊಂದು ಮುತ್ತು. ಕೋಪದಲ್ಲಿ ಬರೆದೆನೆಂದು ಹರಸುವುದನ್ನು ಮರೆತಿಲ್ಲ, ಎಲ್ಲರೂ ತಣ್ಣಗಿರಿ.

ನಿನ್ನ ಅಕ್ಕ

ವಿ.ಸೂ.: ಟಪಾಲು ಎತ್ತುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ನಾಡಿದ್ದು ಗುರುವಾರ ಎಂಟಕ್ಕೆ ಎಂಟೂ ನಿಜ ಹೇಳುತ್ತೇನೆ. ನೆಟ್ಟಗೆ ನಿದ್ದೆ ಬಂದು ಹದಿನಾಲ್ಕು ತಿಂಗಳಾಯಿತು. ಕೊನೆಯ ಪ್ರಶ್ನೆಗೂ ನನ್ನ ಉತ್ತರ 'ಇಲ್ಲ' ಅಲ್ಲ. ಫಾರಂನ ಕೆಳಗೆ ಹತ್ತಿರದ ಸಂಬಂಧಿಕರು ಎಂಬಲ್ಲಿ ಇರುವುದು ನಿನ್ನ ನಂಬರು. ಹುಡುಗಿ ಈ ವಾರದೊಳಗೆ ಫೋನ್ ಮಾಡುತ್ತಾಳೆ, ಎತ್ತು. ಹೋದ ವರ್ಷ ಮಾಡಿದಾಗ, ನಮ್ಮಕ್ಕನಿಗೇನಾಗಿದೆ, ಗುಂಡುಕಲ್ಲಿನ ಹಾಗಿದಾಳೆ ಎಂದೆಯಂತೆ. ಈ ಸಲ ಹಾಗನ್ನಬೇಡ. ನನಗೆ ಗೊತ್ತಿಲ್ಲ, ಅಕ್ಕನ ಮುಖ ನೋಡಿ ನಾಲ್ಕು ವರ್ಷ ಆಯ್ತು ಅನ್ನು. ಅದೇ ಸರಿಯುತ್ತರ.