ಒಂದೂ ಕಡಿಮೆಯಾಗದ ನೂರಿಪ್ಪತ್ತು ಜಾಕೆಟ್‌ಗಳು

ಮಾನ್ಯ ಜಲಸಾರಿಗೆ ಸುರಕ್ಷತಾ ಅಧಿಕಾರಿಗಳೇ,

ಸೋಮವಾರ ಹೊರಡಲಿರುವ ಹೊಸ ಹಡಗಿನ ಇನ್ನೂರು ಲೈಫ್ ಜಾಕೆಟ್‌ಗಳನ್ನು ಹತ್ತು ಹತ್ತರ ಕಂತೆ ಮಾಡಿ ಬಿಗಿಯಾಗಿ ಕಟ್ಟಿಡಬೇಕೆಂದು ತಮ್ಮ ಕಚೇರಿಯಿಂದ ನನಗೆ ಆದೇಶ ಬಂದಿದೆ. ನಾನು ಕಟ್ಟುವುದಿಲ್ಲ. ಯಾಕೆಂದು ಎಲ್ಲರಿಗೂ ಕೇಳುವಂತೆಯೇ ಹೇಳುತ್ತೇನೆ. ತಮಗೊಬ್ಬರಿಗೇ ಬರೆದ ಮೂರು ಪತ್ರಗಳು ಯಾವ ಕಡತದಲ್ಲಿ ನೆಮ್ಮದಿಯಾಗಿ ನಿದ್ದೆ ಹೊಡೆಯುತ್ತಿವೆಯೋ ನನಗೆ ಗೊತ್ತಿಲ್ಲ.

ನಾನು ಹಗ್ಗದವನು. ಬಂದ ಹಡಗಿನ ಹಗ್ಗ ಹಿಡಿದು ದಡದ ಗೂಟಕ್ಕೆ ಬಿಗಿಯುವುದು, ಹೊರಡುವಾಗ ಬಿಚ್ಚುವುದು, ಇಪ್ಪತ್ತೆರಡು ವರ್ಷಗಳಿಂದ ಇದೇ ನನ್ನ ಕೆಲಸ. ತಪಾಸಣೆಗೆ ಮುನ್ನ ಇನ್ನೊಂದು ಕೆಲಸ ಸೇರುತ್ತಿತ್ತು. ತಮ್ಮ ತಪಾಸಕರಿಗೆ ಜಾಕೆಟ್‌ಗಳನ್ನು ಒಂದೊಂದಾಗಿ ಎಣಿಸಲು ಪುರುಸೊತ್ತಿಲ್ಲ. ಹನ್ನೆರಡು ಕಂತೆ ಕಂಡರೆ ನೂರಿಪ್ಪತ್ತು ಎಂದು ಬರೆದು ಸಹಿ ಹಾಕಿ ಹೊರಡುತ್ತಾರೆ. ಒಂದು ಕಡಿಮೆ ಬಿದ್ದರೆ ಮಾತ್ರ ನಮಗೆ ನೋಟಿಸು. ಅದನ್ನು ತೊಡಲು ಯಾರಿಗಾದರೂ ಬರುತ್ತದೆಯೇ ಎಂದು ಇಷ್ಟು ವರ್ಷಗಳಲ್ಲಿ ಒಬ್ಬರಾದರೂ ಕೇಳಿದ್ದುಂಟೇ? ಹೀಗಾಗಿ ನಾವು ಜಾಕೆಟ್‌ಗಳನ್ನು ಪ್ರಯಾಣಿಕರಿಂದಲೇ ಕಾಪಾಡುತ್ತಿದ್ದೆವು! ನಾರಿನ ಹಗ್ಗದಲ್ಲಿ ಕಟ್ಟಿ, ಕೆಳಗಿನ ಪೆಟ್ಟಿಗೆಯಲ್ಲಿ ತುಂಬಿಡುತ್ತಿದ್ದೆ. ನೀರು ಕುಡಿದರೆ ಆ ಗಂಟು ಇನ್ನಷ್ಟು ಬಿಗಿಯುತ್ತದೆ. ನನ್ನ ಗಂಟಿನ ಬಗ್ಗೆ ನನಗೆ ಜಂಬವಿತ್ತು, ಸ್ವಾಮಿ.

ಹಳೆಯ ಹಡಗಿನ ಚಾಲಕ ನನ್ನ ಅಕ್ಕನ ಗಂಡ. ಕೊನೆಯ ತಪಾಸಣೆಯ ಹಿಂದಿನ ದಿನ ಒಂದು ಕಂತೆ ಎತ್ತಿ ನೋಡಿ ನಕ್ಕಿದ್ದರು.

"ಏನೋ ಇದು, ಜಾಕೆಟ್ ಕಟ್ಟಿದ್ದೀಯೋ, ಕಳ್ಳನ್ನ ಕಟ್ಟಿದ್ದೀಯೋ? ಸ್ವಲ್ಪ ಸಡಿಲ ಮಾಡೋ ಮಾರಾಯ."

"ಸುಮ್ನಿರಿ ಭಾವ. ಒಂದು ಕಳೆದ್ರೆ ನೋಟಿಸಿಗೆ ಉತ್ತರ ನೀವು ಬರೀತೀರಾ?"

ಅವರು ಕಂತೆ ಕೆಳಗಿಟ್ಟು ಹೋದರು. ನಾನು ಇನ್ನೊಂದು ಸುತ್ತು ಬಿಗಿದೆ.

ಆರು ದಿನಗಳ ನಂತರ, ಹಾಡುಹಗಲಲ್ಲಿ, ದಡ ಕಣ್ಣಳತೆಯಲ್ಲಿರುವಾಗಲೇ ಹಡಗಿಗೆ ವಾಹನ ಹತ್ತಿಸುವ ಮುಂಬಾಗಿಲು ಕಿತ್ತುಹೋಗಿ ನೀರು ನುಗ್ಗಿತು. ಮುಳುಗಲು ಹನ್ನೊಂದು ನಿಮಿಷ ಹಿಡಿಯಿತು. ಹಗ್ಗ ಹಿಡಿಯಲು ನಾನು ದಡದಲ್ಲಿ ಕಾದು ನಿಂತಿದ್ದೆ. ಧ್ವನಿವರ್ಧಕದಲ್ಲಿ ಭಾವನ ಕೂಗು ಕೇಳಿಸಿತು: "ಕತ್ತರಿಸ್ರೋ! ಯಾರ ಹತ್ರ ಆದ್ರೂ ಚಾಕು ಇದ್ರೆ ಹಗ್ಗ ಕತ್ತರಿಸ್ರೋ!" ಚಾಕು ನನ್ನ ಸೊಂಟದಲ್ಲಿತ್ತು. ಸಣ್ಣ ದೋಣಿ ಹತ್ತಿ ನಾವು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂವರು ಒಂದು ಕಂತೆಗೆ ಜೋತುಬಿದ್ದು ಬದುಕಿಕೊಂಡರು. ಉಳಿದ ಹನ್ನೊಂದು ಕಂತೆಗಳು ಪೆಟ್ಟಿಗೆಯಿಂದ ಬಿಡಿಸಿಕೊಂಡು ಮೇಲೆ ಬರುವ ಹೊತ್ತಿಗೆ ಜೋತುಬೀಳಲು ಯಾರೂ ಇರಲಿಲ್ಲ. ಮೂವತ್ತೆಂಟು ಮಂದಿ ಹೋದರು. ಭಾವನೂ ಹೋದರು.

ಮರುದಿನ ತಮ್ಮ ತಪಾಸಕರು ದಡದಲ್ಲಿ ನಿಂತು ಕಂತೆ ಎಣಿಸಿದರು. ವರದಿಯಲ್ಲಿ ಬರೆದದ್ದು ಇಷ್ಟು: "ಲೈಫ್ ಜಾಕೆಟ್ ನೂರಿಪ್ಪತ್ತು, ಕೊರತೆ ಇಲ್ಲ. ಕಾರಣ: ಚಾಲಕನ ನಿರ್ಲಕ್ಷ್ಯ." ಭೇಷ್! ಅದಾದ ಮೇಲೆ ತಾವು ಹೊರಡಿಸಿದ ಹೊಸ ಸುರಕ್ಷತಾ ನೀತಿಯನ್ನೂ ಓದಿದೆ. ನೂರಿಪ್ಪತ್ತರ ಜಾಗದಲ್ಲಿ ಇನ್ನೂರು ಜಾಕೆಟ್, ಹನ್ನೆರಡರ ಜಾಗದಲ್ಲಿ ಇಪ್ಪತ್ತು ಕಂತೆ. ಸುಧಾರಣೆ ಎಂದರೆ ಇದೇ ಏನು? ಮುಂದಿನ ಸಲ ಇನ್ನೂ ಹೆಚ್ಚು ಜಾಕೆಟ್‌ಗಳು ಸುರಕ್ಷಿತವಾಗಿ ದಡ ಸೇರಲಿ ಎಂದೇ?

ಅಕ್ಕ ಆಚೆ ದಡದ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಾಳೆ. ಹಡಗು ಬಿಟ್ಟರೆ ಅಲ್ಲಿಗೆ ಹೋಗಲು ಬೇರೆ ದಾರಿಯಿಲ್ಲ. ವರದಿಯನ್ನು ಅವಳಿಗೆ ನಾನೇ ಓದಿ ಹೇಳಿದೆ. ಮಡಚುತ್ತಿದ್ದ ಹೊದಿಕೆಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು:

"ಕಟ್ಟಿದ್ದು ನೀನೇ ತಾನೆ?"

"ಹೌದಕ್ಕ."

"ಸೋಮವಾರ ನಾನು ಹೋಗೋ ಹಡಗಿಗೂ ನೀನೇ ಕಟ್ತೀಯಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ, ಉತ್ತರಕ್ಕೆ ಕಾದಳು.

ಉತ್ತರವನ್ನು ಇಂದು ಬೆಳಿಗ್ಗೆ ಕೈಯಾರೆ ಕೊಟ್ಟಿದ್ದೇನೆ. ಇನ್ನೂರು ಜಾಕೆಟ್‌ಗಳೂ ಬಿಡಿಬಿಡಿಯಾಗಿ ಒಂದೊಂದು ಸೀಟಿನ ಕೆಳಗಿವೆ. ಅವು ಅಲ್ಲೇ ಇರಬೇಕು ಎಂದು ಸೋಮವಾರದೊಳಗೆ ಆದೇಶ ಹೊರಡಿಸಿ. ತಪಾಸಕರು ಹೇಳದೆ ಕೇಳದೆ ಬರಲಿ. ಜಾಕೆಟ್ ಎಷ್ಟಿವೆ ಎಂದಲ್ಲ, ಪ್ರಯಾಣಿಕರು ಎಷ್ಟು ಹೊತ್ತಿನಲ್ಲಿ ತೊಡುತ್ತಾರೆ ಎಂದು ಗಡಿಯಾರ ಹಿಡಿದು ನೋಡಲಿ. ಒಂದೆರಡು ಕಳೆದುಹೋದರೆ ಹೋಗಲಿ ಬಿಡಿ. ವರದಿಯಲ್ಲಿ ಭಾವನ ಹೆಸರು ಹೊಡೆದುಹಾಕಿ ನನ್ನದನ್ನು ಬರೆಯಿರಿ, ಅದರ ಪಕ್ಕದಲ್ಲಿ ಕಟ್ಟಲು ಹೇಳಿದವರದ್ದನ್ನೂ. ನನ್ನನ್ನು ಕೆಲಸದಿಂದ ತೆಗೆಯುವುದಾದರೆ ತೆಗೆಯಿರಿ, ಆದರೆ ಇನ್ನೊಬ್ಬನ ಕೈಗೆ ಆ ಹಗ್ಗ ಕೊಡಬೇಡಿ.

ಸೋಮವಾರ ಬೆಳಿಗ್ಗೆ ಏಳಕ್ಕೆ ಹಡಗು ಹೊರಡುತ್ತದೆ. ತಾವೂ ಬನ್ನಿ. ಅಕ್ಕನ ಪಕ್ಕದ ಸೀಟು ತಮಗೆಂದು ಹಿಡಿದಿಟ್ಟಿದ್ದೇನೆ. ಜಾಕೆಟ್ ತೊಡಲು ತಮಗೆ ಬರದಿದ್ದರೆ ಸಂಕೋಚ ಬೇಡ, ಅವಳೇ ತೊಡಿಸುತ್ತಾಳೆ. ಈ ವಾರವೆಲ್ಲ ಮನೆಯಲ್ಲಿ ಕೂತು ಅದನ್ನೇ ಕಲಿತಿದ್ದಾಳೆ.

ಇಂತಿ,
ಆ ಹನ್ನೆರಡು ಕಂತೆಗಳನ್ನು ಕಟ್ಟಿದ ಹಗ್ಗದವನು