ಹೂವಿನ ಚಿತ್ರದ ಬಾಟಲಿ

ಮನೆಯಿಂದ,
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲು ಎತ್ತರ, ಗೋಡೆ ಹಿಡಿದೇ ಇಳಿಯಿರಿ. ಮಾವ ಹೋದ ಮೇಲೆ ನೀವು ಅಲ್ಲಿಗೆ ಹೋದದ್ದು ಒಳ್ಳೆಯದೇ ಆಯಿತು. ಇಲ್ಲಿ ಅವರ ಕುರ್ಚಿ ಇನ್ನೂ ಕಿಟಕಿಯ ಪಕ್ಕದಲ್ಲಿದೆ. ಕಸ ಗುಡಿಸುವಾಗ ಅದನ್ನು ಸರಿಸಲು ಮನಸ್ಸು ಬಾರದೆ ಸುತ್ತಲೂ ಗುಡಿಸುತ್ತೇನೆ. ಫೋನ್ ಮಾಡೋಣವೆಂದರೆ ನಿಮ್ಮ ಅಳಿಯಂದಿರು ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕುತ್ತಾರೆ. ನಿಮ್ಮ ಮಗನಿಗೆ ಎಚ್‌ಐವಿ ಇರುವುದು ಅವರಿಗೆ ಗೊತ್ತಿಲ್ಲ. ಅದಕ್ಕೇ ಈ ಕಾಗದ. ಓದಿ ಹರಿದುಬಿಡಿ.

ಹೋದ ತಿಂಗಳ ರಕ್ತಪರೀಕ್ಷೆಯಲ್ಲಿ ವೈರಸ್ಸು ಮತ್ತೆ ತಲೆಯೆತ್ತಿತ್ತು. ಎಷ್ಟೋ ವರ್ಷಗಳಿಂದ ಪರೀಕ್ಷೆಗೂ ಸಿಗದಷ್ಟು ಅಡಗಿತ್ತು. ಮಾತ್ರೆ ತಪ್ಪಿಸುತ್ತಿದ್ದೀರಾ ಎಂದು ಡಾಕ್ಟರಮ್ಮ ಕೇಳಿದರು. ಇವರು ಇಲ್ಲವೆಂದರು. ಅವರು ನಂಬಲಿಲ್ಲ, ನಾನೂ ನಂಬಲಿಲ್ಲ. ಮಾವ ಹೋದಾಗಿನಿಂದ ಇವರು ಲೆನ್ಸು ಉಜ್ಜುವ ಯಂತ್ರದ ಮುಂದೆ ಸುಮ್ಮನೆ ಕೂತುಬಿಡುತ್ತಾರೆಂದು ಇವರು ಕೆಲಸ ಮಾಡುವ ಕನ್ನಡಕದಂಗಡಿಯ ಯಜಮಾನರೇ ನನಗೆ ಹೇಳಿದ್ದರು. ಅಂಥವರಿಗೆ ಮಾತ್ರೆ ಎಲ್ಲಿ ನೆನಪಿರುತ್ತದೆ? ಅಂದಿನಿಂದ ಊಟವಾದ ಕೂಡಲೇ ದೊಡ್ಡ ಮಾತ್ರೆ, ಅದಕ್ಕೆ ಬಲ ಕೊಡುವ ಸಣ್ಣ ಮಾತ್ರೆ, ಎರಡನ್ನೂ ಅಂಗೈಗೆ ಹಾಕಿ ನುಂಗುವವರೆಗೂ ಎದುರಿಗೇ ನಿಂತೆ. ಆಮೇಲೆ ಉಗುಳಿದ್ದಾರೇನೋ ಎಂದು ಬಚ್ಚಲಿನ ಜಾಲರಿಯನ್ನೂ ಹೋಗಿ ನೋಡಿದೆ. ಮಾವ ಇದ್ದಿದ್ದರೆ ನಮ್ಮನೆ ಪೊಲೀಸು ಡ್ಯೂಟಿಗೆ ಬಂತು ಎಂದು ನಗಿಸುತ್ತಿದ್ದರು. ಇವರು ನಗಲಿಲ್ಲ. "ಬಾಯಿ ತೆರೆದು ತೋರಿಸ್ಲಾ?" ಎಂದರು. ನಾಚಿಕೆಯಾಯಿತು. ಆದರೂ ನೋಡಿದೆ.

ನುಂಗುವುದು ಖಾತ್ರಿಯಾದ ಮೇಲೆ ನನ್ನ ಅನುಮಾನ ಔಷಧಿ ಅಂಗಡಿಯತ್ತ ತಿರುಗಿತು. ಡಬ್ಬಿಯ ಮೇಲಿನ ಅಕ್ಷರ ಮಾಸಲಾಗಿ ಕಂಡಿತು. ನಕಲಿ ಮಾಲೇನೋ ಎಂದು ಮುಖಕ್ಕೇ ಕೇಳಿಬಿಟ್ಟೆ. ಆತ ಹೊಸ ಡಬ್ಬಿ ಒಡೆದು ಪಕ್ಕದಲ್ಲಿಟ್ಟು, "ನೋಡ್ಕೊಳ್ಳಿ ಅಕ್ಕಾ, ಸುಮ್ನೆ ನನ್ ಮೇಲೆ ಯಾಕೆ ಗೂಬೆ ಕೂರಿಸ್ತೀರಿ?" ಎಂದ. ಎರಡೂ ಒಂದೇ ಥರ ಇದ್ದವು.

ಈ ಸಲದ ಪರೀಕ್ಷೆಯಲ್ಲಿ ವೈರಸ್ಸು ಇನ್ನೂ ಏರಿತ್ತು. ಇವರ ಹೊಟ್ಟೆಗೆ ಹೋಗುವುದನ್ನೆಲ್ಲ ಒಂದು ಚೀಲದಲ್ಲಿ ತನ್ನಿ ಎಂದರು ಡಾಕ್ಟರಮ್ಮ. ಕೆಮ್ಮಿನ ಸಿರಪ್ಪು, ಎದೆಯುರಿಯ ಮಾತ್ರೆ ಎಲ್ಲ ತುಂಬಿದೆ. ಮಾವ ತೀರಿಕೊಂಡ ವಾರ, ನಿದ್ದೆ ಬರಲೆಂದು ನೀವು ಇವರ ಕೈಗಿಟ್ಟ ಹಳದಿ ಹೂವಿನ ಚಿತ್ರದ ಬಾಟಲಿಯನ್ನು ಮಾತ್ರ ಬಿಟ್ಟು ಹೊರಟಿದ್ದೆ. ಹೂವಿನ ಪುಡಿ, ಅದೇನು ಔಷಧಿಯೇ? ಬೀಗ ಹಾಕುವಾಗ ಯಾಕೋ ಒಳಗೆ ಹೋಗಿ ಅದನ್ನೂ ಹಾಕಿಕೊಂಡೆ. ಡಾಕ್ಟರಮ್ಮ ಎದೆಯುರಿಯ ಮಾತ್ರೆಯನ್ನು ಬೇರೆಯಿಟ್ಟು, ಇದನ್ನೂ ನನ್ನನ್ನು ಕೇಳದೆ ತಗೊಳ್ಳಬೇಡಿ ಎಂದರು. ಆಮೇಲೆ ಬಾಟಲಿ ಎತ್ತಿಕೊಂಡು ಅದರ ಹಿಂದಿನ ಸಣ್ಣ ಅಕ್ಷರ ಓದಿದರು.

"ಇದ್ರಿಂದ ಮನಸ್ಸಿಗೆ ಹಾಯಾಗ್ಬಹುದು. ಆದ್ರೆ ನಿಮ್ಮ ಮಾತ್ರೆ ರಕ್ತದಲ್ಲಿ ನಿಲ್ಲೋದಕ್ಕೇ ಇದು ಬಿಡಲ್ಲ," ಎಂದರು.

ಹೀಗೇ ನಡೆದರೆ ವೈರಸ್ಸು ಮಾತ್ರೆಗೆ ಒಗ್ಗಿಬಿಡುತ್ತದಂತೆ. ಆಮೇಲೆ ಎಷ್ಟು ನುಂಗಿದರೂ ಅಷ್ಟೇ. ಈಗಲೇ ಒಗ್ಗಿದೆಯೋ ಇಲ್ಲವೋ, ಮುಂದಿನ ಪರೀಕ್ಷೆಯೇ ಹೇಳಬೇಕು. ಬಾಟಲಿಯ ಪುಡಿ ಇವತ್ತಿಗೇ ನಿಲ್ಲಬೇಕು, ಮಾತ್ರೆ ಮಾತ್ರ ಒಂದು ದಿನವೂ ತಪ್ಪಬಾರದು ಎಂದರು. ನಿದ್ದೆಗೆ ಹೊಂದುವಂಥದ್ದನ್ನು ಅವರೇ ಕೊಡುತ್ತಾರೆ.

ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಮಗೆ ಅದರಿಂದ ನಿದ್ದೆ ಬಂತು, ಮಗನೂ ಮಲಗಲೆಂದು ಕೊಟ್ಟಿರಿ. ಇದು ನಮಗ್ಯಾರಿಗೆ ಗೊತ್ತಿತ್ತು? ನಾದಿನಿಗೆ ಕೇಳಿದೆನೆಂದು ತಿಳಿಸಿ, ಅವಳ ಮಕ್ಕಳ ಕೆನ್ನೆ ಹಿಂಡಿ. ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ.

ಇಂತಿ ನಿಮ್ಮ ಮನೆಯ ಮಗಳಂಥ
ಸೊಸೆ

ಇನ್ನೊಂದು ಮಾತು: ಕಾಗದ ಮಡಿಸುವಷ್ಟರಲ್ಲಿ ಇವರ ಅಂಗಡಿಯ ಚೀಲದಲ್ಲಿ ಬಾಟಲಿ ಸಿಕ್ಕಿತು. ಬಿಸಾಡಿದೆ ಎಂದಿದ್ದರು. ಕೇಳಿದರೆ, "ಅಮ್ಮ ಕೊಟ್ಟಿದ್ದು ನಂಗೆ ಕೆಟ್ಟದ್ದು ಮಾಡುತ್ತಾ? ನಿಂಗೆ ಮೊದಲಿಂದಲೂ ಅಮ್ಮನ್ನ ಕಂಡ್ರೆ ಅನುಮಾನ," ಎಂದು ಮತ್ತೆ ಚೀಲಕ್ಕೇ ಹಾಕಿಕೊಂಡು ಹೋದರು. ಎಲ್ಲರನ್ನೂ ಅನುಮಾನಿಸುವವಳ ಮಾತಿಗೆ ಎಲ್ಲಿಯ ಬೆಲೆ? ಡಾಕ್ಟರ ಮಾತನ್ನೂ ನಾನೇ ಹೇಳಿಸಿದ್ದು ಅಂದುಕೊಂಡಿದ್ದಾರೆ. ಈ ಕಾಗದವನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ, ನಾಳೆ ಸಿಗುತ್ತದೆ. ಸಿಕ್ಕ ಕೂಡಲೇ ಇವರಿಗೆ ಫೋನ್ ಮಾಡಿ. ಅಳಿಯಂದಿರು ಪಕ್ಕದಲ್ಲಿದ್ದರೂ ಪರವಾಗಿಲ್ಲ, ಕಾಯಿಲೆಯ ಹೆಸರು ಎತ್ತುವುದೇ ಬೇಡ. "ಆ ಬಾಟಲಿ ಬಿಸಾಡು ಮಗಾ" ಅನ್ನಿ. ನೀವು ಅಂದರೆ ಸಾಕು.